ಆರದ ಕೆಂಪು ದೀಪ: ಕಾಕಾನ ಅಂಬಾಸಿಡರ್‌ಗೆ ಎಲ್‌ಇಡಿ ಹಾಕಿದ ಪ್ರಕರಣ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೇ. ಒಂದು ಬಲ್ಬು ಹೋಗಿತ್ತು, ನಾನು ಐದು ಬದಲಿಸಿದೆ. ಆ ಐದರಲ್ಲಿ ಒಂದಕ್ಕೆ ಉರಿಯೋದರ ಜೊತೆ ಇನ್ನೊಂದು ಕೆಲಸವೂ ಇತ್ತು, ಅದು ನನಗೆ ಗೊತ್ತಿರಲಿಲ್ಲ. ಗೊತ್ತಾಗುವಷ್ಟರಲ್ಲಿ ಎರಡು ತಿಂಗಳು ಹೋಯಿತು, ಒಂದು ಹೊಸ ಬ್ಯಾಟರಿಯ ದುಡ್ಡು ಹೋಯಿತು, ಮತ್ತು ಅಣ್ಣಿಗೇರಿ ಹತ್ತಿರ ರಾತ್ರಿ ಒಂಬತ್ತೂವರೆಗೆ ಇಳಕಲ್ ಸೀರೆ ಉಟ್ಟ ಕಾಕು ಕಾರಿನ ಹಿಂದೆ ನಿಂತು ನೂಕಬೇಕಾಯಿತು.

ಗಾಡಿ ಅಂಬಾಸಿಡರ್, 1489 ಸಿಸಿ ಡೀಸೆಲ್, 1990ರ ದಶಕದ್ದು. ಕಾಕಾ ರಿಟೈರ್ಡ್ ಹೈಸ್ಕೂಲು ಮಾಸ್ತರು, ಧಾರವಾಡದ ಸಪ್ತಾಪುರದಲ್ಲಿ ಮನೆ. ನಾನು ಹುಬ್ಬಳ್ಳಿ ವಿದ್ಯಾನಗರದಲ್ಲಿದ್ದೇನೆ. ಭಾನುವಾರ ಬಂತು ಅಂದರೆ ಚಿಗರಿ ಬಸ್ಸು ಹತ್ತಿ ಅಲ್ಲಿಗೆ ಹೋಗೋದು, ಕಾರು ತೊಳೆಯೋದು, ಆಮೇಲೆ ಬೈಪಾಸಿನಲ್ಲಿ ಒಂದು ಗಂಟೆ ಚೆನ್ನಾಗಿ ಓಡಿಸೋದು ನನ್ನ ಕೆಲಸ. ಉಳಿದ ಆರು ದಿನ ಕಾಕಾನೇ ಓಡಿಸುತ್ತಾರೆ. ಲೈನ್ ಬಜಾರ್, ಸುಭಾಸ್ ರೋಡ್, ಸಂಜೆ ಕೆಲಗೇರಿ ಕೆರೆ, ವಾಪಸ್ ಮನೆ. ಗಾಡಿ ಮೂವತ್ತು ಮುಟ್ಟುವಷ್ಟರಲ್ಲಿ ಟಾಪ್ ಗೇರಿಗೆ ಹಾಕುತ್ತಾರೆ, ಎಂಜಿನ್ ಸದ್ದು ಜಾಸ್ತಿಯಾದರೆ ಡೀಸೆಲ್ ಸುಮ್ನೆ ಹಾಳು ಅಂತ ಅವರ ನಂಬಿಕೆ. ಈ ವಿವರ ನೆನಪಿಟ್ಟುಕೊಳ್ಳಿ, ಇಡೀ ಪ್ರಕರಣ ಇದರ ಮೇಲೆಯೇ ನಿಂತಿದೆ.

ಡಿಸೆಂಬರ್‌ನಲ್ಲಿ ಡ್ಯಾಶ್‌ಬೋರ್ಡಿನ ನೀಲಿ ದೀಪ ಹೋಯಿತು, ಹೈ ಬೀಮ್‌ದು. ಸಣ್ಣ ವಿಷಯ, ಆದರೆ ಹೈ ಬೀಮ್ ಬಿದ್ದಿದ್ದು ಕಾಕಾಗೆ ತಿಳಿಯುತ್ತಿರಲಿಲ್ಲ, ಎದುರಿನವರೆಲ್ಲ ಲೈಟ್ ಹೊಡೆದು ಬೈದುಕೊಂಡು ಹೋಗುತ್ತಿದ್ದರು. ಬ್ಯಾಟರಿಯ ನೆಗೆಟಿವ್ ತೆಗೆದು, ಸ್ಪೀಡೋಮೀಟರ್ ಕೇಬಲ್ ಬಿಚ್ಚಿ, ಮೀಟರ್ ಪ್ಯಾನೆಲ್ ಮುಂದಕ್ಕೆ ಎಳೆದೆ. ಹಿಂದೆ ಯಾರೋ ಹೋಲ್ಡರ್‌ಗಳನ್ನೆಲ್ಲ ಬದಲಿಸಿದ್ದರು, ಕಾಲು ಸುತ್ತು ತಿರುಗಿಸಿದರೆ ಕೈಗೆ ಬರುವ ಜಾತಿಯವು. ಒಳಗೆ 12 ವೋಲ್ಟ್ 3 ವ್ಯಾಟಿನ ಕ್ಯಾಪ್‌ಲೆಸ್ ಬಲ್ಬು, ಅಂದರೆ ತಗಡಿನ ಟೋಪಿ ಇಲ್ಲದ, ಗಾಜಿನ ಬುಡದಲ್ಲೇ ಎರಡು ತಂತಿ ಮಡಚಿರುವಂಥದ್ದು. ನೀಲಿಯದು ಒಳಗೆ ಪೂರ್ತಿ ಕಪ್ಪಾಗಿತ್ತು.

ಪಕ್ಕದಲ್ಲಿದ್ದ ಕೆಂಪು ದೀಪ, ಬ್ಯಾಟರಿ ಚಾರ್ಜಿಂಗಿನದು, ಚೆನ್ನಾಗಿಯೇ ಉರಿಯುತ್ತಿತ್ತು. ಆದರೆ ಅದರ ಮುಂದಿನ ಕೆಂಪು ಪ್ಲಾಸ್ಟಿಕ್ ವರ್ಷಗಟ್ಟಲೆ ಬಿಸಿ ತಿಂದು ಮೆತ್ತಗಾಗಿ, ಹಂಚಿನ ಮೇಲಿನ ಹಪ್ಪಳದ ಹಾಗೆ ಉಬ್ಬಿತ್ತು. ಉತ್ತರಪಾರಾದ ಫ್ಯಾಕ್ಟರಿಯಲ್ಲಿ 2014ರಲ್ಲೇ ಅಂಬಾಸಿಡರ್ ಮಾಡೋದು ನಿಂತಿದೆ, ಇಂಥ ಚಿಲ್ಲರೆ ಸಾಮಾನು ಇನ್ನು ಗುಜರಿಯಲ್ಲೇ ಹುಡುಕಬೇಕು. ಹಾಗಾಗಿ ಬಿಸಿಯಾಗದ ಎಲ್‌ಇಡಿ ಹಾಕೋಣ ಅನ್ನಿಸಿತು. ಈ ಯೋಚನೆ ತಪ್ಪಲ್ಲ, ಈಗಲೂ ಅದನ್ನೇ ಹೇಳುತ್ತೇನೆ. ಐದಕ್ಕೂ ಒಂದೇ ಸಲ ಹಾಕಿದ್ದು ತಪ್ಪು. ಒಂದು ಹೊಸದು ನಾಲ್ಕು ಹಳೇದು ಇದ್ದರೆ ಚೆಂದ ಕಾಣಲ್ಲ ಅಲ್ವಾ, ಅದೊಂದೇ ಕಾರಣ.

ಹುಬ್ಬಳ್ಳಿಯಿಂದ ಹತ್ತು ಬಿಳಿ ಎಲ್‌ಇಡಿಯ ಪ್ಯಾಕೆಟ್ ತಂದೆ. ಐದನ್ನೂ ಚುಚ್ಚಿ ಕೀ ಆನ್ ಮಾಡಿದರೆ ಮೂರು ಮಾತ್ರ ಹತ್ತಿದವು. ಎಲ್‌ಇಡಿಗೆ ಪ್ಲಸ್ ಮೈನಸ್ ಇದೆ, ಉಳಿದ ಎರಡನ್ನು ತಿರುಗಿಸಿ ಚುಚ್ಚಿದ ಮೇಲೆ ಅವೂ ಹತ್ತಿದವು. ನೀಲಿ ಬಲು ಜೋರು, ಹಸಿರು ಪರವಾಗಿಲ್ಲ, ಕೆಂಪು ಮಾತ್ರ ನೀರು ಬೆರೆಸಿದ ರೂಹಫ್ಜಾ ಬಣ್ಣ. ಬಿಳಿ ಎಲ್‌ಇಡಿ ಅನ್ನೋದು ಒಳಗೆ ನೀಲಿಯೇ, ಮೇಲೆ ಹಳದಿ ಲೇಪ ಹಚ್ಚಿ ಬಿಳಿ ಕಾಣಿಸುವ ಹಾಗೆ ಮಾಡಿರುತ್ತಾರೆ, ಅದರ ಬೆಳಕಿನಲ್ಲಿ ಕೆಂಪು ಪಾಲು ಕಮ್ಮಿ. ಕೆಂಪು ಗಾಜಿನ ಹಿಂದೆ ಕೆಂಪು ಎಲ್‌ಇಡಿಯನ್ನೇ ಹಾಕಬೇಕು. ಮುಂದಿನ ವಾರ ಅದನ್ನೂ ತಂದು ಹಾಕಿದೆ, ಕೆಂಪು ಕೆಂಡದ ಹಾಗೆ ಉರಿಯಿತು. ನನಗೆ ಬಹಳ ಖುಷಿ.

ಇಲ್ಲಿಂದ ಪ್ರಕರಣ ಶುರು.

ಮೊದಲ ದಿನವೇ ಒಂದು ಸೂಚನೆ ಇತ್ತು. ಹೀಟರ್, ಅಂದರೆ ಸ್ಟಾರ್ಟ್ ಮಾಡುವ ಮುಂಚೆ ಡೀಸೆಲ್ ಎಂಜಿನ್ ಒಳಗೆ ಬಿಸಿ ಮಾಡುವ ಪ್ಲಗ್ಗು, ಹಾಕಿ ಸ್ಟಾರ್ಟ್ ಮಾಡಿದ ಮೇಲೆ ಆಯಿಲ್ ದೀಪ ಆರಿತು, ಬ್ಯಾಟರಿ ಚಾರ್ಜಿಂಗಿನ ಕೆಂಪು ದೀಪ ಆರಲಿಲ್ಲ. ಆಕ್ಸಿಲರೇಟರ್ ಒತ್ತಿ ಜೋರಾಗಿ ಒಂದು ರೇಸ್ ಕೊಟ್ಟೆ, ಆರಿತು. ಆರಿತಲ್ಲ, ಮುಗೀತು ಅಂದುಕೊಂಡು ಹುಬ್ಬಳ್ಳಿಗೆ ಬಂದೆ. ಮರುದಿನ ಬೆಳಿಗ್ಗೆ ಕಾಕಾನ ಫೋನು.

“ತಮ್ಮಾ, ಕೆಂಪ ಲೈಟ್ ಆರವಲ್ದು.”

“ರೇಸ್ ಮಾಡಿದ್ರ ಆರತೈತಿ ಕಾಕಾ. ಎಲ್‌ಇಡಿ ಐತಲ್ಲ, ಒಂಚೂರ ಕರೆಂಟ್ ಲೀಕ್ ಇದ್ರೂ ಉರೀತೈತಿ. ಚಿಂತಿ ಮಾಡಬ್ಯಾಡ್ರಿ.”

ಈ ಲೀಕ್ ಕಥೆ ನಾನು ಎಲ್ಲೋ ಓದಿದ್ದೆ. ಅದು ಸುಳ್ಳೂ ಅಲ್ಲ, ಸಾದಾ ಬಲ್ಬನ್ನು ಮಿಣುಕಿಸಲೂ ಆಗದಷ್ಟು ಸಣ್ಣ ಕರೆಂಟಿಗೆ ಎಲ್‌ಇಡಿ ಮಂದವಾಗಿ ಉರಿಯೋದು ಉಂಟು. ಆದರೆ ಕಾಕಾನ ಕಾರಿನಲ್ಲಿ ಅದು ಮಂದವಾಗಿ ಉರಿಯುತ್ತಿರಲಿಲ್ಲ, ನಿಚ್ಚಳವಾಗಿ ಉರಿಯುತ್ತಿತ್ತು. ಗಾಡಿ ಕಣ್ಣೆದುರು ಇಲ್ಲದೆ, ಫೋನಿನಲ್ಲೇ ಕೂತು ವೈದ್ಯ ಮಾಡಿದೆ. ದೀಪ ನಿಜ ಹೇಳುತ್ತಿತ್ತು, ಅದರ ಮಾತು ನಂಬಬೇಡಿ ಅಂತ ನಾನು ಹೇಳಿದೆ.

ಕಾಕಾ ನಂಬಿದರು. ಆದರೆ ಸಂಜೆ ಹೊತ್ತು ಕಣ್ಣಿಗೆ ಚುಚ್ಚುತ್ತದೆ ಅಂತ ಗೊಣಗುತ್ತಲೇ ಇದ್ದರು. ಒಂದು ದಿನ ಕಾಕು ತಮ್ಮ ಹಣೆಯ ಮೇಲಿನ ಮೆರೂನ್ ಟಿಕಳಿ ತೆಗೆದು ಆ ದೀಪದ ಮೇಲೆ ಹಚ್ಚಿಬಿಟ್ಟರು. ಅಳತೆ ಎಷ್ಟು ಸರಿಯಾಗಿತ್ತು ಅಂದರೆ ಪೂರ್ತಿ ಮುಚ್ಚಿ ಅಂಚಿನಲ್ಲಿ ಮಾತ್ರ ಕೂದಲೆಳೆಯಷ್ಟು ಕೆಂಪು ಬಳೆ ಕಾಣುತ್ತಿತ್ತು. ಹಗಲು ಅದೂ ಕಾಣದು.

ನಡುವೆ ಒಂದು ಭಾನುವಾರ ನಾನು ಬೆಂಗಳೂರಿಗೆ ಹೋಗಿದ್ದೆ, ಧಾರವಾಡಕ್ಕೆ ಹೋಗಲಾಗಲಿಲ್ಲ. ಆ ವಾರದಲ್ಲೇ ಗಾಡಿ ಮಲಗಿತು. ಕೀ ತಿರುಗಿಸಿದರೆ ಟಕ್ ಅನ್ನುವ ಸದ್ದು ಮಾತ್ರ. ಪಕ್ಕದ ಮನೆಯವರ ಗಾಡಿಯಿಂದ ಕೇಬಲ್ ಹಾಕಿ ಎಬ್ಬಿಸಿದರು. ಮತ್ತೆ ಎರಡು ದಿನಕ್ಕೆ ಅದೇ ಹಾಡು. ಭಾನುವಾರ ನಾನು ಓಡಿಸಿದೆ, ಸೋಮವಾರ ಮಂಗಳವಾರ ಚೆನ್ನಾಗಿ ಸ್ಟಾರ್ಟ್ ಆಯಿತು. ಶುಕ್ರವಾರಕ್ಕೆ ಮತ್ತೆ ಕುಂಟಲು ಶುರು. ನಾನು ಮುಟ್ಟಿದರೆ ಸರಿ, ಕಾಕಾ ಮುಟ್ಟಿದರೆ ಕೆಟ್ಟಿತು. ಪಕ್ಕದ ಮನೆಯವರು ಕಾಕಾನ ಕೈಗುಣ ಸರಿ ಇಲ್ಲ ಅಂತ ನಗೆಯಾಡಿದರು. ಕಾಕಾಗೆ ಅದು ಬಹಳ ನೆಟ್ಟಿತು ಅಂತ ಆಮೇಲೆ ಕಾಕು ಹೇಳಿದರು.

ಹುಬ್ಬಳ್ಳಿಯ ಒಬ್ಬ ಮೆಕ್ಯಾನಿಕ್ ಹತ್ತಿರ ಒಯ್ದೆ. ಅವನು ಬ್ಯಾಟರಿಗೆ ಮೀಟರ್ ಹಚ್ಚಿ, ಎಂಜಿನ್‌ಗೆ ಗೊರ್‍ರ್ ಅಂತ ಎರಡು ರೇಸ್ ಕೊಟ್ಟು ನೋಡಿದ. 14.1 ವೋಲ್ಟ್. “ಡೈನಮೋ ಚಲೋ ಐತ್ರಿ, ಬ್ಯಾಟರಿ ಹೋಗೈತಿ” ಅಂದ. ಎಂಜಿನ್ ಓಡುವಾಗ ವಿದ್ಯುತ್ ಹುಟ್ಟಿಸಿ ಬ್ಯಾಟರಿ ತುಂಬಿಸುವ ಯಂತ್ರ ಅದು. ನಮ್ಮ ಕಡೆ ಆಲ್ಟರ್ನೇಟರ್ ಬಂದು ದಶಕಗಳಾದರೂ ಬಾಯಲ್ಲಿ ಇನ್ನೂ ಡೈನಮೋನೇ. ಅವನನ್ನು ಬೈಯೋ ಹಾಗಿಲ್ಲ, ಮೀಟರ್‌ನಲ್ಲಿ 14.1 ಕಂಡರೆ ನಾನೂ ಅದನ್ನೇ ಹೇಳುತ್ತಿದ್ದೆ. ಬ್ಯಾಟರಿಗೆ ಮೂರು ವರ್ಷ ಆಗಿತ್ತು, ಅನುಮಾನ ಬರುವಂಥದ್ದೇ. ಹಳೇದು ಎಕ್ಸ್‌ಚೇಂಜ್‌ಗೆ ಕೊಟ್ಟು ಮೇಲೆ 6,200 ರೂಪಾಯಿ ಹಾಕಿ ಹೊಸದು ತಂದೆವು.

ದುಡ್ಡು ಹೋಗಿದ್ದು ಕಾಕಾಗೆ ಬಹಳ ಹತ್ತಿತು. ನನ್ನ ಮಲ್ಟಿಮೀಟರ್ ಇಸಿದುಕೊಂಡು, ದಿನಾ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮುಂಚೆ ಬ್ಯಾಟರಿಯ ವೋಲ್ಟೇಜ್ ಅಳೆದು, ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿನ ಮನೆಯೊಳಗೆ ಪೆನ್ಸಿಲ್‌ನಿಂದ ಬರೆಯತೊಡಗಿದರು. ಹಾಲಿನ ಲೆಕ್ಕದ ಪಕ್ಕದಲ್ಲೇ. ಮಾಸ್ತರ ಅಭ್ಯಾಸ. ಈ ಪ್ರಕರಣದಲ್ಲಿ ಯಾರಾದರೂ ಸರಿಯಾಗಿ ಒಂದು ಕೆಲಸ ಮಾಡಿದ್ದರೆ ಅದು ಇದೊಂದೇ. ಆದರೆ ನಾನು ಅದನ್ನು ಆಗ ನೋಡಲೇ ಇಲ್ಲ.

ಫೆಬ್ರವರಿಯ ಒಂದು ಶುಕ್ರವಾರ ಗದಗಿನಲ್ಲಿ ಕಾಕಾನ ಮಗಳ ಕುಬುಸ. ಬೆಳಿಗ್ಗೆ ಧಾರವಾಡದಿಂದ ಹೊರಟು, ಹುಬ್ಬಳ್ಳಿಯಲ್ಲಿ ನನ್ನನ್ನು ಹತ್ತಿಸಿಕೊಂಡು ಹೋದರು. ಹೋಗುವಾಗಲೂ ಬರುವಾಗಲೂ ಕಾಕಾನೇ ಸ್ಟೇರಿಂಗು, ಸ್ಪೀಡು ನಲವತ್ತು. ಬರುವಾಗ ಕತ್ತಲಾಗಿತ್ತು, ಹೆಡ್‌ಲೈಟ್ ಹಚ್ಚಿದ್ದರು. ಗದಗ ದಾಟಿ ಸ್ವಲ್ಪ ಹೊತ್ತಿಗೆ ಬೆಳಕು ಹಳದಿಯಾಗುತ್ತಾ ಬಂತು. ಅಣ್ಣಿಗೇರಿ ಹತ್ತಿರ ಚಹಾಕ್ಕೆ ನಿಲ್ಲಿಸುವಷ್ಟರಲ್ಲಿ ಅದು ಚಿಮಣಿ ಬೆಳಕಿನ ಬಣ್ಣಕ್ಕೆ ಬಂದಿತ್ತು. ಎಂಜಿನ್ ಮಾತ್ರ ಆರಾಮಾಗಿ ಓಡುತ್ತಿತ್ತು. ಹಳೇ ಡೀಸೆಲ್ ಎಂಜಿನ್‌ಗೆ ಕಿಡಿ ಬೇಕಿಲ್ಲ, ಒಮ್ಮೆ ಹತ್ತಿಕೊಂಡರೆ ಬ್ಯಾಟರಿ ಇದ್ದರೂ ಅಷ್ಟೇ ಇಲ್ಲದಿದ್ದರೂ ಅಷ್ಟೇ. ಪೆಟ್ರೋಲ್ ಗಾಡಿಯಾಗಿದ್ದರೆ ದಾರಿಯಲ್ಲೇ ಮಿಸ್ ಹೊಡೆದು ನಮಗೆ ಬುದ್ಧಿ ಹೇಳುತ್ತಿತ್ತು. ಇದು ಹೇಳಲಿಲ್ಲ. ನಾವು ಕೀ ಆಫ್ ಮಾಡಿ ಚಹಾ ಕುಡಿದು ಬಂದೆವು. ಬಂದು ಕೀ ತಿರುಗಿಸಿದರೆ ಟಕ್ ಅನ್ನುವ ಸದ್ದೂ ಇಲ್ಲ.

ನೂಕಿದೆವು. ಚಹಾದಂಗಡಿಯ ಇಬ್ಬರು, ಕಾಕಾ, ನಡುವೆ ಬೇಡ ಅಂದರೂ ಕೇಳದೆ ಕಾಕು. ನಾನು ಸ್ಟೇರಿಂಗಿನಲ್ಲಿ. ಎಂಜಿನ್ ಇನ್ನೂ ಬಿಸಿ ಇತ್ತು, ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟ ಕೂಡಲೇ ಹತ್ತಿಕೊಂಡಿತು. ಎಲ್ಲರೂ ಹತ್ತಿದರು. ಮತ್ತೆ ನಿಂತುಬಿಟ್ಟೀತು ಅನ್ನುವ ಹೆದರಿಕೆಗೆ ನಾನು ಗೇರು ಬದಲಿಸದೆ, ಎಂಜಿನ್ ಚೀರುವ ಹಾಗೆ ಆಕ್ಸಿಲರೇಟರ್ ಒತ್ತಿ ಹಿಡಿದೆ. ಕಾಕಾ ಏನೋ ಹೇಳಲು ಬಾಯಿ ತೆಗೆದರು. ಅಷ್ಟರಲ್ಲಿ ಒಮ್ಮೆಲೇ, ಯಾರೋ ಬಟನ್ ಒತ್ತಿದ ಹಾಗೆ, ರಸ್ತೆ ಬೆಳ್ಳಗಾಯಿತು.

“ಈಗ ನೋಡ, ಲೈಟ್ ಚಲೋ ಬಂದ್ವು” ಅಂದರು ಹಿಂದಿನಿಂದ ಕಾಕು.

ನಾನು ನೋಡಿದ್ದು ಬೇರೆ. ಟಿಕಳಿಯ ಸುತ್ತ ಗ್ರಹಣದ ಸೂರ್ಯನ ಹಾಗೆ ಇದ್ದ ಆ ಕೆಂಪು ಬಳೆ, ಲೈಟು ಬೆಳ್ಳಗಾದ ಅದೇ ಕ್ಷಣಕ್ಕೆ ಮಾಯವಾಗಿತ್ತು. ಎರಡೂ ಒಟ್ಟಿಗೆ. ಅಂದರೆ ಅಲ್ಲಿಯವರೆಗೆ ಆಲ್ಟರ್ನೇಟರ್ ಮಲಗಿತ್ತು, ಈಗ ಎದ್ದಿತು. ದೀಪ ಲೀಕಿನಿಂದ ಉರಿಯುತ್ತಿರಲಿಲ್ಲ, ಚಾರ್ಜ್ ಆಗುತ್ತಿಲ್ಲ ಅಂತಲೇ ಉರಿಯುತ್ತಿತ್ತು. ಧಾರವಾಡದವರೆಗೆ ನಾನು ಬಾಯಿ ಬಿಡಲಿಲ್ಲ.

ಮನೆಗೆ ಬಂದು ಕ್ಯಾಲೆಂಡರ್ ಮುಂದೆ ನಿಂತೆ. ಸೋಮವಾರದ ಮನೆಗಳಲ್ಲಿ 12.5, 12.6. ಬುಧವಾರ 12.3. ಶುಕ್ರವಾರ ಶನಿವಾರ 12.1, 12.0. ಮತ್ತೆ ಸೋಮವಾರ ಮೇಲೆ. ಪ್ರತಿ ವಾರವೂ ಹೀಗೇ, ಮೆಟ್ಟಿಲು ಇಳಿದ ಹಾಗೆ ಇಳಿದು ಭಾನುವಾರದ ನಂತರ ಒಂದೇ ಜಿಗಿತ. ತುಂಬಿದ ಬ್ಯಾಟರಿ ಸುಮ್ನೆ ನಿಂತಾಗ 12.6 ತೋರಿಸಬೇಕು, 12.2 ಅಂದರೆ ಹೆಚ್ಚುಕಮ್ಮಿ ಅರ್ಧ ಖಾಲಿ. ನನ್ನ ಬೈಪಾಸ್ ಸುತ್ತು ಒಂದೇ ಆ ಬ್ಯಾಟರಿಯ ಹೊಟ್ಟೆಗೆ ಬೀಳುತ್ತಿದ್ದ ಊಟ.

ಆದರೂ ಯಾಕೆ ಅಂತ ಹೊಳೆಯಲಿಲ್ಲ. ಧಾರವಾಡದಲ್ಲೇ ಹಳೇ ಕಾಲದ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಇದ್ದಾರೆ, ಎಪ್ಪತ್ತರ ಹತ್ತಿರದವರು, ಅವರಲ್ಲಿಗೆ ಒಯ್ದೆವು. ಅವರು ಮೀಟರ್ ಮುಟ್ಟಲಿಲ್ಲ. ಸ್ಟಾರ್ಟ್ ಮಾಡಿಸಿ ರೇಸ್ ಕೊಡಬ್ಯಾಡ ಅಂದರು. ಟಿಕಳಿ ಕಿತ್ತು ದೀಪ ನೋಡಿದರು. ಆಮೇಲೆ ಎರಡು ವೈರ್ ಜೋಡಿಸಿದ ಒಂದು ಸಣ್ಣ ಪಾರ್ಕಿಂಗ್ ಬಲ್ಬು ತಂದು, ಒಂದು ತುದಿ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ತುದಿ ಆಲ್ಟರ್ನೇಟರ್ ಹಿಂದಿನ ಸಣ್ಣ ಟರ್ಮಿನಲ್‌ಗೆ ಮುಟ್ಟಿಸಿದರು. ಬಲ್ಬು ಫಳ್ ಅಂತ ಹತ್ತಿ ತಕ್ಷಣ ಆರಿಹೋಯಿತು. ಅದೇ ಕ್ಷಣಕ್ಕೆ ಎಂಜಿನ್ ಸದ್ದು ಒಂಚೂರು ಭಾರವಾಯಿತು, ಏರು ಹತ್ತುವ ಎತ್ತು ಉಸಿರು ಬಿಗಿ ಹಿಡಿದ ಹಾಗೆ. ಡ್ಯಾಶ್‌ಬೋರ್ಡಿನ ಕೆಂಪೂ ಆರಿತು. ನಾನು ಮೀಟರ್ ಹಚ್ಚಿದೆ, ಐಡ್ಲಿಂಗ್‌ನಲ್ಲೇ, ಅಂದರೆ ಆಕ್ಸಿಲರೇಟರ್ ಮುಟ್ಟದೆಯೇ, 14 ವೋಲ್ಟ್.

“ಇಲ್ಲಿ ಬಲ್ಬ್ ಬದಲಿ ಮಾಡೀರೇನ?” ಅಂತ ಕೇಳಿದರು. ಎಲ್‌ಇಡಿ ಅಂದೆ. ಅವರು ಕಾಕಾನ ಕಡೆ ತಿರುಗಿದರು.

“ಮಾಸ್ತರ, ಹೆಪ್ಪ ಹಾಕದ ಹಾಲು ಮಸರ ಆಗತೈತೇನ್ರಿ? ನಿಮ್ಮ ಹುಡುಗ ಹೆಪ್ಪಿನ ಬಟ್ಟಲಾನ ತಗದ ಇಟ್ಟಾನ.”

ಇದಕ್ಕಿಂತ ಚೆನ್ನಾಗಿ ಇದನ್ನು ಹೇಳೋಕೆ ಬರಲ್ಲ, ಆದರೂ ವಿವರವಾಗಿ ಬರೆಯುತ್ತೇನೆ. ಆಲ್ಟರ್ನೇಟರ್ ಒಳಗೆ ತಿರುಗುವ ಭಾಗದಲ್ಲಿ ಸೈಕಲ್ ಡೈನಮೋದಲ್ಲಿರುವಂಥ ಕಾಯಂ ಅಯಸ್ಕಾಂತ ಇರಲ್ಲ. ಅಲ್ಲಿ ಇರೋದು ತಂತಿಯ ಸುರುಳಿ. ಅದಕ್ಕೆ ಕರೆಂಟು ಕೊಟ್ಟಾಗ ಮಾತ್ರ ಅದು ಅಯಸ್ಕಾಂತ. ಒಮ್ಮೆ ವಿದ್ಯುತ್ ಹುಟ್ಟತೊಡಗಿದರೆ ತನ್ನದರಲ್ಲೇ ಒಂದು ಪಾಲನ್ನು ಒಳಗಿನ ಮೂರು ಸಣ್ಣ ಡಯೋಡ್‌ಗಳ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವಂಥವು) ಮೂಲಕ ಆ ಸುರುಳಿಗೆ ಕೊಟ್ಟುಕೊಂಡು ತನ್ನ ಪಾಡಿಗೆ ತಾನು ನಡೆಯುತ್ತದೆ. ಆದರೆ ಶುರುವಿಗೆ ಹೊರಗಿನಿಂದ ಸ್ವಲ್ಪ ಕರೆಂಟು ಬೇಕು, ಅದೇ ಹೆಪ್ಪು. ಆ ಸ್ವಲ್ಪ ಬರುವ ದಾರಿ ಹೀಗಿದೆ: ಬ್ಯಾಟರಿ, ಕೀ, ಡ್ಯಾಶ್‌ಬೋರ್ಡಿನ ಕೆಂಪು ಬಲ್ಬು, ಆಲ್ಟರ್ನೇಟರಿನ ಸಣ್ಣ ಟರ್ಮಿನಲ್, ಸುರುಳಿ, ಬಾಡಿ ಅರ್ಥ್. ಕೀ ಆನ್ ಮಾಡಿದಾಗ ಆ ಬಲ್ಬು ಉರಿಯುವುದೇ ಈ ಕರೆಂಟು ಹರಿಯುತ್ತಿರುವುದರಿಂದ. ಆಲ್ಟರ್ನೇಟರ್ ಎದ್ದ ಮೇಲೆ ಆ ಸಣ್ಣ ಟರ್ಮಿನಲ್‌ನಲ್ಲೂ ಬ್ಯಾಟರಿಯಷ್ಟೇ ವೋಲ್ಟೇಜ್ ಬರುತ್ತದೆ. ಬಲ್ಬಿನ ಎರಡೂ ತುದಿ ಸಮ ಆಗಿಬಿಟ್ಟಾಗ ನಡುವೆ ಏನೂ ಹರಿಯಲ್ಲ, ಬಲ್ಬು ಆರುತ್ತದೆ. ಅದನ್ನು ಬೇರೆ ಯಾವ ಸ್ವಿಚ್ಚೂ ಆರಿಸೋದಿಲ್ಲ.

ಈಗ ಲೆಕ್ಕ. 12 ವೋಲ್ಟಿನ 3 ವ್ಯಾಟ್ ಬಲ್ಬಿನಲ್ಲಿ ಹರಿಯೋದು ಕಾಲು ಆಂಪಿಯರ್, ಅಂದರೆ 250 ಮಿಲಿ ಆಂಪಿಯರ್. ನಾನು ಹಾಕಿದ ಎಲ್‌ಇಡಿಯನ್ನು ಆಮೇಲೆ ಮೇಜಿನ ಮೇಲಿಟ್ಟು ಅಳೆದರೆ 14 ಮಿಲಿ ಆಂಪಿಯರ್. ಹೆಚ್ಚುಕಮ್ಮಿ ಹದಿನೆಂಟರಲ್ಲಿ ಒಂದು ಪಾಲು. ಕರೆಂಟು ಕಮ್ಮಿ ತಿನ್ನುತ್ತದೆ ಅಂತ ನಾವು ಎಲ್‌ಇಡಿಯನ್ನು ಹೊಗಳುತ್ತೇವಲ್ಲ, ಅದೇ ಗುಣ ಇಲ್ಲಿ ಮುಳುವಾಯಿತು.

ಹಾಗಾದರೆ ರೇಸ್ ಕೊಟ್ಟಾಗ ಯಾಕೆ ಎದ್ದಿತು? ಸುರುಳಿಯ ನಡುವಿನ ಕಬ್ಬಿಣದಲ್ಲಿ ಹಿಂದಿನ ಸಲದ ಅಯಸ್ಕಾಂತ ಗುಣ ಒಂಚೂರು ಉಳಿದುಕೊಂಡಿರುತ್ತದೆ. ನಿಧಾನ ತಿರುಗಿದರೆ ಅದು ಸಾಲದು. ಬಹಳ ಜೋರಾಗಿ ತಿರುಗಿದರೆ ಅಷ್ಟರಿಂದಲೇ ಎರಡು ವೋಲ್ಟೋ ಏನೋ ಹುಟ್ಟಿ, ಅದು ಸುರುಳಿಗೆ ಹೋಗಿ, ಇನ್ನಷ್ಟು ಹುಟ್ಟಿ, ಸರಸರ ಏರಿಬಿಡುತ್ತದೆ. ಒಮ್ಮೆ ಎದ್ದರೆ ಎಂಜಿನ್ ನಿಲ್ಲಿಸುವ ತನಕ ಮಲಗೋದಿಲ್ಲ. ನಾನು ಬೈಪಾಸಿನಲ್ಲಿ ಓಡಿಸುವಾಗ ಮೊದಲ ಎರಡು ನಿಮಿಷದಲ್ಲೇ ಎದ್ದಿರುತ್ತಿತ್ತು. ಮೆಕ್ಯಾನಿಕ್ ಗೊರ್‍ರ್ ಅನ್ನಿಸಿದಾಗಲೂ ಅಷ್ಟೇ, ರೋಗವನ್ನು ವಾಸಿ ಮಾಡಿ ಆಮೇಲೆ ಜ್ವರ ನೋಡಿದ. ಮೂವತ್ತಕ್ಕೆ ಟಾಪ್ ಗೇರ್ ಹಾಕುವ ಕಾಕಾನ ಕೈಯಲ್ಲಿ ಎಂಜಿನ್ ಆ ಮಟ್ಟಕ್ಕೆ ಹೋಗೋದೇ ಇಲ್ಲ. ಮೇಲಿಂದ ದಿನಕ್ಕೆ ನಾಲ್ಕು ಕಡೆ ನಿಲ್ಲಿಸೋದು, ನಾಲ್ಕು ಸಲ ಸ್ಟಾರ್ಟರ್ ತಿನ್ನೋದು, ಬೆಳಿಗ್ಗೆ ಹೀಟರ್ ಬೇರೆ. ಕೈಗುಣದ ಮಾತು ಒಂದು ಲೆಕ್ಕದಲ್ಲಿ ಸುಳ್ಳಾಗಿರಲಿಲ್ಲ, ಆದರೆ ಹಳೇ ಬಲ್ಬು ಇದ್ದಷ್ಟು ವರ್ಷ ಇದೇ ಕೈಗೆ ಏನೂ ಆಗಿರಲಿಲ್ಲ ಅನ್ನೋದನ್ನೂ ಹೇಳಬೇಕು.

“ಹಳೀ ಬಲ್ಬ್ ಐತೋ, ಒಗದ್ಯೋ?” ಅಂತ ಎಲೆಕ್ಟ್ರಿಷಿಯನ್ ಕೇಳಿದರು.

ಇತ್ತು. ಒಗೆಯೋ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಪುಣ್ಯಕ್ಕೆ ಕಾಕು ಅದನ್ನು ಲವಂಗದ ಡಬ್ಬಿಯಲ್ಲಿ ಹಾಕಿಟ್ಟಿದ್ದರು. ಸಂಜೆ ಹಾಕಿದೆ. ಕೀ ಆನ್, ಕೆಂಪು ಬಂತು. ಸ್ಟಾರ್ಟ್, ರೇಸ್ ಕೊಡದೇ ಆರಿತು. ಐಡ್ಲಿಂಗ್‌ನಲ್ಲಿ 14.0, ಹೆಡ್‌ಲೈಟ್ ಹಚ್ಚಿದರೆ 13.7.

ಇಲ್ಲಿಗೇ ಬಿಡಬಹುದಿತ್ತು. ಆದರೆ ಬಿಸಿಗೆ ಉಬ್ಬಿದ ಆ ಪ್ಲಾಸ್ಟಿಕ್ಕಿನ ಚಿಂತೆ ಇನ್ನೂ ಹಾಗೇ ಇತ್ತು. ಎಲ್‌ಇಡಿಯೇ ಬೇಕು ಅನ್ನುವವರಿಗೆ ದಾರಿ ಇದೆ: ಎಲ್‌ಇಡಿಗೆ ಅಡ್ಡಲಾಗಿ, ಅಂದರೆ ಪ್ಯಾರಲಲ್ ಆಗಿ, ಒಂದು ರೆಸಿಸ್ಟರ್ ಹಾಕಬೇಕು. ಬೆಳಕು ಎಲ್‌ಇಡಿ ಕೊಡುತ್ತದೆ, ಹೆಪ್ಪಿನ ಕರೆಂಟನ್ನು ರೆಸಿಸ್ಟರ್ ಒಯ್ಯುತ್ತದೆ. 3 ವ್ಯಾಟ್ ಬಲ್ಬು ಉರಿಯುವಾಗ ಅದರ ರೆಸಿಸ್ಟೆನ್ಸ್ ಸುಮಾರು 48 ಓಮ್, ಅಂಗಡಿಯಲ್ಲಿ ಸಿಗೋದು 47. ಕೀ ಆನ್ ಇದ್ದು ಎಂಜಿನ್ ಆಫ್ ಇದ್ದಾಗ ಅದರಲ್ಲಿ ಸುಮಾರು 3 ವ್ಯಾಟ್ ಬಿಸಿ ಹುಟ್ಟುತ್ತದೆ, ಹಾಗಾಗಿ ಕಾಲು ವ್ಯಾಟಿನ ಸಣ್ಣ ರೆಸಿಸ್ಟರ್ ಸುಟ್ಟೇ ಹೋಗುತ್ತದೆ. 5 ವ್ಯಾಟಿನ ಬಿಳಿ ಸಿಮೆಂಟ್ ರೆಸಿಸ್ಟರ್ ತಗೊಳ್ಳಬೇಕು. ನಾನು ತಂದಿದ್ದು ಹತ್ತು ರೂಪಾಯಿಗೆ. ಅದನ್ನು ಮೀಟರಿನ ಹಿಂದೆ ಪ್ಲಾಸ್ಟಿಕ್ಕಿಗೆ ತಾಗಿಸಿ ಇಟ್ಟರೆ ಮತ್ತೆ ಅದೇ ಬಿಸಿಯ ಕಥೆ, ಆದ್ದರಿಂದ ಎರಡು ವೈರ್ ಉದ್ದ ಮಾಡಿ, ತುದಿಗಳಿಗೆ ಸ್ಲೀವ್ ಹಾಕಿ, ಒಳಗಿನ ತಗಡಿನ ಪಟ್ಟಿಗೆ ಕಟ್ಟಿದೆ. ಕೀ ಆನ್ ಮಾಡಿ ಐದು ನಿಮಿಷ ಬಿಟ್ಟು ಮುಟ್ಟಿದೆ, ಬೆರಳು ಇಡಲಾಗಲಿಲ್ಲ. ಎಂಜಿನ್ ಓಡುವಾಗ ತಣ್ಣಗೇ ಇರುತ್ತದೆ, ಆಗ ಅದರ ಎರಡೂ ತುದಿ ಸಮ.

ಒಂದು ವಾರ ಕಾಕಾ ಹಾಗೇ ಓಡಿಸಿದರು. ಕ್ಯಾಲೆಂಡರಿನಲ್ಲಿ ಸೋಮವಾರದಿಂದ ಶನಿವಾರದವರೆಗೆ 12.6, 12.6, 12.5, 12.6, 12.6, 12.6. ಭಾನುವಾರ ನಾನು ಹೋಗಲೇಬೇಕಿರಲಿಲ್ಲ.

ರೆಸಿಸ್ಟರ್‌ನಿಂದ ಇನ್ನೊಂದು ಲಾಭ ಇದೆ. ಬರೀ ಬಲ್ಬಿನ ಗಾಡಿಯಲ್ಲಿ ಆ ಬಲ್ಬು ಸುಟ್ಟರೆ ಹೆಪ್ಪಿನ ದಾರಿಯೇ ಕಡಿದುಹೋಗುತ್ತದೆ. ಎಚ್ಚರಿಸೋ ದೀಪವೂ ಇಲ್ಲ, ಜೋರಾಗಿ ರೇಸ್ ಕೊಡದಿದ್ದರೆ ಚಾರ್ಜಿಂಗೂ ಇಲ್ಲ. ಅದಕ್ಕೇ ಕೆಲವು ಕಂಪನಿಗಳು ಮೊದಲಿನಿಂದಲೂ ಮೀಟರಿನೊಳಗೇ ಬಲ್ಬಿಗೆ ಅಡ್ಡಲಾಗಿ ಒಂದು ರೆಸಿಸ್ಟರ್ ಕೂಡಿಸಿ ಕಳಿಸುತ್ತಿದ್ದವು. ಈಗಿನ ಗಾಡಿಗಳ ಮೀಟರಿನಲ್ಲಿ ಬರೋದೇ ಎಲ್‌ಇಡಿ, ಅಲ್ಲಿ ಇದಕ್ಕೆಲ್ಲ ಬೇರೆ ವ್ಯವಸ್ಥೆ ಮಾಡಿರುತ್ತಾರೆ, ನಾವು ಕೈ ಹಾಕುವ ಪ್ರಸಂಗವೇ ಇಲ್ಲ.

ಹಳೇ ಗಾಡಿ ಎಲ್ಲವೂ ಹೀಗೇ ಅಂತಲೂ ಇಲ್ಲ. ಕೆಲವು ಆಲ್ಟರ್ನೇಟರ್‌ಗಳಿಗೆ ಕೀಯಿಂದ ನೇರವಾಗಿ ಇನ್ನೊಂದು ವೈರ್ ಹೋಗಿರುತ್ತದೆ, ಹೆಪ್ಪು ಅಲ್ಲಿಂದ ಸಿಗುತ್ತದೆ, ಅಂಥವಕ್ಕೆ ಎಲ್‌ಇಡಿ ಹಾಕಿದರೂ ಏನೂ ಆಗಲ್ಲ. ನಿಮ್ಮದು ಯಾವ ಜಾತಿ ಅಂತ ತಿಳಿಯೋಕೆ ಸುಲಭದ ದಾರಿ: ಎಲ್‌ಇಡಿ ಹಾಕಿ, ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಮುಟ್ಟದೆ ಬ್ಯಾಟರಿಗೆ ಮೀಟರ್ ಹಚ್ಚಿ. 13.8 ದಾಟಿದ್ದರೆ ಚಿಂತೆ ಇಲ್ಲ. 12ರ ಆಸುಪಾಸಿನಲ್ಲೇ ನಿಂತು, ರೇಸ್ ಕೊಟ್ಟ ಮೇಲೆ 14ಕ್ಕೆ ಹಾರಿದರೆ ನಿಮ್ಮದೂ ಕಾಕಾನ ಗಾಡಿಯೇ. ರೇಸ್ ಕೊಡದೆ ನೋಡಬೇಕು, ಅದೇ ಮುಖ್ಯ.

ಉಳಿದ ದೀಪಗಳ ವಿಷಯ ಸರಳ. ನೀಲಿ ಹೈ ಬೀಮ್, ಆಯಿಲ್, ಮೀಟರಿನ ಬೆಳಕು, ಇವಕ್ಕೆ ಪ್ಲಸ್ ಮೈನಸ್ ನೋಡಿ ಹಾಕಿದರೆ ಸಾಕು. ಇಂಡಿಕೇಟರಿನ ಹಸಿರು ದೀಪಕ್ಕೆ ಮಾತ್ರ ಒಂದು ಮಾತು. ಎಡ ಬಲ ಎರಡಕ್ಕೂ ಒಂದೇ ದೀಪ ಇರುವ ಗಾಡಿಗಳಲ್ಲಿ, ಬೈಕುಗಳಲ್ಲಂತೂ ಬಹಳ, ಆ ಬಲ್ಬನ್ನು ಎಡದ ವೈರಿಗೂ ಬಲದ ವೈರಿಗೂ ನಡುವೆ ಕಟ್ಟಿರುತ್ತಾರೆ. ಎಡಕ್ಕೆ ಹಾಕಿದಾಗ ಕರೆಂಟು ಬಲಗಡೆಯ ಬಲ್ಬುಗಳ ಮೂಲಕ ಅರ್ಥ್‌ಗೆ ಹೋಗುತ್ತದೆ, ಬಲಕ್ಕೆ ಹಾಕಿದಾಗ ತಿರುಗುಮುರುಗು. ಅಲ್ಲಿ ಎಲ್‌ಇಡಿ ಹಾಕಿದರೆ ಒಂದು ಕಡೆಗೆ ಮಾತ್ರ ಮಿಣುಕುತ್ತದೆ. ಇನ್ನೂ ಮಜಾ ಅಂದರೆ, ದೀಪ ಹಳೇದೇ ಇಟ್ಟು ಹೊರಗಿನ ನಾಲ್ಕೂ ಇಂಡಿಕೇಟರ್‌ಗೆ ಎಲ್‌ಇಡಿ ಹಾಕಿದರೆ, ಎಡಕ್ಕೆ ಒತ್ತಿದರೂ ನಾಲ್ಕೂ ಮಿಣುಕುತ್ತವೆ. ನನ್ನ ಗೆಳೆಯ ಹೀಗೆ ಮಾಡಿಕೊಂಡು ಚೆನ್ನಮ್ಮ ಸರ್ಕಲ್‌ನಲ್ಲಿ ಎಲ್ಲರಿಂದ ಬೈಸಿಕೊಂಡ. ಎರಡು ಡಯೋಡ್ ಹಾಕಿ, ಎರಡೂ ಕಡೆಯಿಂದ ದೀಪಕ್ಕೆ ತಂದು, ದೀಪದ ಇನ್ನೊಂದು ತುದಿ ಬಾಡಿಗೆ ಅರ್ಥ್ ಕೊಟ್ಟ ಮೇಲೆ ಸರಿಹೋಯಿತು.

ಕಾಕಾನ ಗಾಡಿಯಲ್ಲಿ ಕೊನೆಗೆ ಉಳಿದಿದ್ದು ಎಲ್‌ಇಡಿ ಮತ್ತು ರೆಸಿಸ್ಟರ್ ಅಲ್ಲ, ಹಳೇ ಬಲ್ಬೇ. ವಾರದ ಪರೀಕ್ಷೆ ಮುಗಿದ ಮೇಲೆ ಬೇಕಾದರೆ ಹಾಗೇ ಇರಲಿ ಅಂದೆ. ಕಾಕಾ ಒಪ್ಪಲಿಲ್ಲ. ರಾತ್ರಿ ಎಲ್ಲೋ ಕೆಟ್ಟರೆ ಅಣ್ಣಿಗೇರಿಯ ಯಾವ ಅಂಗಡಿಯಲ್ಲೂ ಬಲ್ಬು ಸಿಗುತ್ತದೆ, ನಿನ್ನ ಆ ಬಿಳಿ ಕಲ್ಲು ಯಾರಿಗೆ ಗೊತ್ತಿರುತ್ತದೆ ಅಂದರು. ಅವರು ಹೇಳಿದ್ದೂ ಸರಿ. 3 ವ್ಯಾಟ್ ಬದಲು 2 ವ್ಯಾಟ್ ಬಲ್ಬು ಹಾಕಿ ಬಿಸಿ ಕಮ್ಮಿ ಮಾಡೋಣ ಅಂತ ಎಲೆಕ್ಟ್ರಿಷಿಯನ್ ಅವರನ್ನು ಕೇಳಿದೆ, ಮೊದಲು ಒಂದು ವಾರ ಕಾಕಾನೇ ಓಡಿಸಿ ನೋಡಲಿ ಅಂದರು. ಅದನ್ನು ಇನ್ನೂ ಮಾಡಿಲ್ಲ. ಉಳಿದ ನಾಲ್ಕು ಎಲ್‌ಇಡಿ ಚೆನ್ನಾಗಿವೆ.

ಇದಾಗಿ ಏಳು ತಿಂಗಳು. ಹೊಸ ಬ್ಯಾಟರಿ ಗಟ್ಟಿ ಇದೆ. ಎಕ್ಸ್‌ಚೇಂಜ್‌ಗೆ ಹೋದ ಹಳೇದರಲ್ಲೂ ಏನೂ ದೋಷ ಇದ್ದಿರಲಿಕ್ಕಿಲ್ಲ, ಅದರ 6,200 ರೂಪಾಯಿಯನ್ನು ಕಾಕಾ ಕ್ಯಾಲೆಂಡರಿನ ಫೆಬ್ರವರಿ ಹಾಳೆಯ ಹಿಂದೆ ನನ್ನ ಹೆಸರಿನಲ್ಲಿ ಬರೆದಿಟ್ಟಿದ್ದಾರೆ. ದಸರಾಕ್ಕೆ ಮೊದಲು ಅರ್ಧ ಕೊಡುತ್ತೇನೆ ಅಂತ ಒಪ್ಪಿಕೊಂಡಿದ್ದೇನೆ.